ಐದು ಕ್ವಿಂಟಾಲ್ ಇಳಿಸಿದ ಮೇಲೆ

ನನ್ನ ಮೇಜಿನ ಡ್ರಾಯರಿನಲ್ಲಿ ಎರಡು ಚೀಟಿಗಳಿವೆ. ಎರಡೂ ಕೊಟ್ಟೂರಿನ ಒಂದೇ ವೇಬ್ರಿಡ್ಜ್‌ನವು. ಸುಗ್ಗಿಯಲ್ಲಿ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿ ನಿಲ್ಲುವ ಆ ಕಾಟಾದ ಮೇಲೆ ನನ್ನ ಎರಡು ಕಾರುಗಳನ್ನು ನಾಲ್ಕು ವರ್ಷದ ಅಂತರದಲ್ಲಿ ಹತ್ತಿಸಿ ತೂಗಿಸಿದ್ದೆ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು. ಮೊದಲನೆಯದು 1,530 ಕಿಲೋ ತೂಗಿತು. ಎರಡನೆಯದು 1,030. ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು ತೋರಿಸಿದಾಗ ಕಾಟಾದ ಹುಡುಗ, "ಐದು ಕ್ವಿಂಟಾಲ್ ಇಳಿಸೀರಲ್ರೀ ಸರ" ಎಂದ. ಐದು ಕ್ವಿಂಟಾಲ್ ಎಂದರೆ ಎಷ್ಟೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಐವತ್ತು ಕಿಲೋದ ಹತ್ತು ಚೀಲ. ಹಮಾಲಿಯೊಬ್ಬ ಹತ್ತು ಸಲ ಬೆನ್ನು ಬಾಗಿಸಿ ಹೊರಬೇಕಾದ ಭಾರ.

ಮೊದಲ ಚೀಟಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರದ್ದು. ಎರಡನೆಯದು ಮಾರುತಿ ಸುಜುಕಿ ಬಲೆನೊ ಆರ್‌ಎಸ್‌ನದು. ಎರಡೂ 2017ರಲ್ಲೇ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಎರಡರ ಹೆಸರಿನ ಕೊನೆಗೂ ಅವೇ ಎರಡಕ್ಷರ. ಅಲ್ಲಿಗೆ ಹೋಲಿಕೆ ಮುಗಿಯಿತು. ಆಕ್ಟೇವಿಯಾದಲ್ಲಿ 1,984 ಸಿಸಿಯ ಟರ್ಬೊ ಎಂಜಿನ್, 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್. ಬಲೆನೊದಲ್ಲಿ 998 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಟರ್ಬೊ, 102 ಅಶ್ವಶಕ್ತಿ, 150 ನ್ಯೂಟನ್ ಮೀಟರ್. ಬರಿಗಾಡಿಯ ತೂಕದ ಲೆಕ್ಕದಲ್ಲಿ ನೋಡಿದರೆ ಒಂದು ಟನ್ನಿಗೆ ಆಕ್ಟೇವಿಯಾ ಸುಮಾರು 159 ಅಶ್ವಶಕ್ತಿ ಇಟ್ಟುಕೊಂಡಿದೆ, ಬಲೆನೊ 107. ಕಾಗದದ ಮೇಲೆ ನಾನು ಮಾಡಿದ್ದು ಶುದ್ಧ ನಷ್ಟದ ವ್ಯಾಪಾರ. ಶಕ್ತಿಯುತ ಸ್ಪೋರ್ಟ್ಸ್ ಸೆಡಾನ್ ಕೊಟ್ಟು, ಮೋಜಿಗೆಂದು ಹುರಿಗೊಳಿಸಿದ ಸಣ್ಣ ಕಾರನ್ನು, ಜಗತ್ತು ಹಾಟ್ ಹ್ಯಾಚ್ ಎಂದು ಕರೆಯುವಂಥದ್ದನ್ನು ತರುವುದು ಸರಿಯೇ ಎಂಬ ಪ್ರಶ್ನೆಗೆ ನಾನು ಉತ್ತರ ಹುಡುಕಿದ್ದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರಸ್ತೆಗಳಲ್ಲಿ. ಈ ಐದೂ ಊರುಗಳ ದಲಾಲಿ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆಯೇ ಇರುತ್ತೇನೆ.

ಆಕ್ಟೇವಿಯಾದ ಬಗ್ಗೆ ಹಗುರವಾಗಿ ಮಾತನಾಡಿದರೆ ಈ ಬರಹಕ್ಕೆ ಬೆಲೆಯಿಲ್ಲ. ಅದು ಅದ್ಭುತವಾದ ಕಾರು. 2019ರಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ತಂದ ರಾತ್ರಿ ಇನ್ನೂ ನೆನಪಿದೆ. ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದಲ್ಲಿ ಹೆದ್ದಾರಿ 50ಕ್ಕೆ ಹೊರಳಿ ಕೂಡ್ಲಿಗಿ ಮುಟ್ಟುವವರೆಗೆ ಸುಮಾರು 270 ಕಿಲೋಮೀಟರ್. ಇಳಿದಾಗ ಮೈಯಲ್ಲಿ ದಣಿವೆಂಬುದೇ ಇರಲಿಲ್ಲ. ಎಂಜಿನ್ 1,500 ಸುತ್ತಿಗೇ ಪೂರ್ತಿ ಬಲ ಕೈಗೆ ಕೊಡುತ್ತಿತ್ತು. ಲಾರಿ ದಾಟಬೇಕೆಂದು ಮನಸ್ಸು ಮಾಡುವುದಕ್ಕೂ ದಾಟಿ ಮುಗಿಸುವುದಕ್ಕೂ ನಡುವೆ ಅಂತರವೇ ಉಳಿಯುತ್ತಿರಲಿಲ್ಲ. ಹಿಂಬದಿಯ ಸಸ್ಪೆನ್ಷನ್ ಒಂದೊಂದು ಗಾಲಿಗೂ ಬೇರೆಬೇರೆಯಾಗಿ ದುಡಿಯುವಂಥದ್ದು. ಹೀಗಾಗಿ ನೂರರ ವೇಗದಲ್ಲಿ ಸೇತುವೆಯ ಸಂದು ದಾಟಿದರೂ ಲೋಟದ ಚಹಾ ತುಳುಕುತ್ತಿರಲಿಲ್ಲ. 590 ಲೀಟರಿನ ಡಿಕ್ಕಿ. ಅದರ ಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ. ಎಲ್ಲರೂ ಸೆಡಾನ್ ಎನ್ನುವ ಆ ಕಾರು ಬಾಗಿಲಿನ ಲೆಕ್ಕದಲ್ಲಿ ತಾನೇ ಒಂದು ದೊಡ್ಡ ಹ್ಯಾಚ್‌ಬ್ಯಾಕ್. 2013ರಲ್ಲಿ ಯುರೋ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ಆ ಪೀಳಿಗೆಯ ಆಕ್ಟೇವಿಯಾ ಐದು ನಕ್ಷತ್ರ ಪಡೆದಿತ್ತು. ಈ ಮಾತಿಗೆ ಮುಂದೆ ಮರಳಿ ಬರಬೇಕಾಗಿದೆ.

ಆದರೆ ಹೆದ್ದಾರಿ 50 ನಮ್ಮ ಬದುಕಿನ ರಸ್ತೆಯಲ್ಲ. ಅದು ಕೂಡ್ಲಿಗಿಯ ಅಂಚಿಗೆ ತಾಗಿ ಹೊಸಪೇಟೆಯ ಕಡೆ ಹೊರಟುಹೋಗುತ್ತದೆ. ಉಳಿದ ನಾಲ್ಕೂರುಗಳಿಗೆ ಹೋಗಬೇಕಾದರೆ ಹೆದ್ದಾರಿ ಬಿಟ್ಟು ಕೆಳಗಿಳಿಯಬೇಕು. ಅಲ್ಲಿಂದ ಮುಂದೆ ರಸ್ತೆಯ ಗುಣವನ್ನು ತೀರ್ಮಾನಿಸುವುದು ಕಂಟ್ರಾಕ್ಟರನಿಗಿಂತ ಹೆಚ್ಚಾಗಿ ಅದರ ಕೆಳಗಿನ ಮಣ್ಣು. ಕೂಡ್ಲಿಗಿ ಸೀಮೆ ಮಸಾರಿ. ಕೆಂಪು ಗರಸು, ಅದರಡಿ ಕಲ್ಲು. ಇಲ್ಲಿ ಡಾಂಬರು ಕಿತ್ತರೆ ಗುಂಡಿ ಬೀಳುತ್ತದೆ, ಆದರೆ ಗುಂಡಿಯಿಲ್ಲದ ಕಡೆ ರಸ್ತೆ ನೆಟ್ಟಗಿರುತ್ತದೆ. ಹಡಗಲಿಯ ಕಡೆ ಹೋದಂತೆ, ತುಂಗಭದ್ರೆಯ ಬಯಲು ಹತ್ತಿರವಾದಂತೆ ಎರೆ ನೆಲ ಸಿಗುತ್ತದೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆಯಲ್ಲಿ ಒಂದೇ ಒಂದು ಗುಂಡಿ ಇಲ್ಲದಿದ್ದರೂ ಅಲೆ ಎದ್ದಿರುತ್ತದೆ. ಹೊಳೆಯಲ್ಲಿ ಹರಿಗೋಲು ಓಡಿಸಿದಂತೆ ಕಾರು ಏಳುತ್ತದೆ, ಬೀಳುತ್ತದೆ. ಈ ಎರಡು ಮಣ್ಣೂ ಕಾರಿಗೆ ಎರಡು ಬೇರೆ ಪರೀಕ್ಷೆ. ಮಸಾರಿಯಲ್ಲಿ ಚುರುಕು ಬೇಕು, ಎರೆಯಲ್ಲಿ ತಾಳ್ಮೆ ಬೇಕು.

ಅದರ ಜೊತೆಗೆ ಹಂಪುಗಳು. ಪ್ರತಿ ಹಳ್ಳಿಯ ಹೊಸ್ತಿಲಲ್ಲಿ ಒಂದು, ಶಾಲೆಯ ಮುಂದೆ ಒಂದು, ಗುಡಿಯ ಮುಂದೆ ಇನ್ನೊಂದು. ಬಣ್ಣ ಇಲ್ಲ, ಫಲಕ ಇಲ್ಲ. ಆದರೂ ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದೊಂದು ಹಂಪಿನ ಹಿಂದೆಯೂ ಯಾವುದೋ ಮನೆಯ ಸಾವು ಇರುತ್ತದೆ. ಅದಾದ ಮೇಲೆ ಊರವರೇ ಮಣ್ಣು, ಕಲ್ಲು, ಸಿಮೆಂಟು ಸುರಿದು ಕಟ್ಟಿದ್ದು ಅದು. ಆಕ್ಟೇವಿಯಾ ಆರ್‌ಎಸ್ ಸಾಮಾನ್ಯ ಆಕ್ಟೇವಿಯಾಗಿಂತ ನೆಲಕ್ಕೆ ಹತ್ತಿರ. ಉದ್ದ 4.6 ಮೀಟರಿಗೂ ಮಿಗಿಲು, ನಡುಹೊಟ್ಟೆ ನೀಳ. ಒಂದು ರಾತ್ರಿ ಹರಪನಹಳ್ಳಿಯಿಂದ ಬರುವಾಗ ಕಾಣದೇ ಹತ್ತಿಸಿದ ಹಂಪಿಗೆ ಆಯಿಲ್ ಚೇಂಬರ್ ಬಡಿದು ಸೀಳಿತು. ಗಾಡಿಯನ್ನು ಟೋ ಮಾಡಿಸಿ, ಬಿಡಿಭಾಗಕ್ಕೆ ಹನ್ನೊಂದು ದಿನ ಕಾದೆ. ಅದಾದ ಮೇಲೆ ಪ್ರತಿ ಹಂಪನ್ನೂ ಓರೆಯಾಗಿ, ಒಂದೊಂದೇ ಗಾಲಿ ಇಳಿಸುತ್ತಾ ದಾಟುವ ಅಭ್ಯಾಸವಾಯಿತು. 230 ಅಶ್ವಶಕ್ತಿಯ ಕಾರು ದಿನದ ಬಹುಪಾಲು ಆ ಓರೆ ನಡಿಗೆಯಲ್ಲೇ ಕಳೆಯುತ್ತಿತ್ತು.

ಇನ್ನು ಒಕ್ಕಣೆ. ಕಣ ಮಾಡಿ ಸಗಣಿ ಸಾರಿಸಿ ರಾಶಿ ಮಾಡುವ ಕಾಲ ಹೋಯಿತು. ಎತ್ತು ಇಲ್ಲ, ಆಳಿಲ್ಲ, ಹೊಲದಲ್ಲಿ ಕಣಕ್ಕೆ ಬಿಡುವ ಜಾಗವೂ ಇಲ್ಲ. ರಸ್ತೆಯೇ ಕಣ, ಓಡಾಡುವ ಗಾಡಿಗಳೇ ರೋಣಗಲ್ಲು. ಜೋಳ, ರಾಗಿ, ಸಜ್ಜೆ ಆದರೆ ಗಾಲಿ ಜಾರುವ ಭಯ ಮಾತ್ರ. ಹುರುಳಿ ಹಾಗಲ್ಲ. ಒಣಗಿದ ಹುರುಳಿ ಬಳ್ಳಿ ಗಾಲಿಯ ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹಾಗೆ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ಬಯಲುಸೀಮೆಯ ಜಿಲ್ಲೆಗಳಿಂದ ಸುಗ್ಗಿ ಸುಗ್ಗಿಗೂ ಬರುತ್ತದೆ. ನೆಲಕ್ಕೆ ತಾಗುವಂತಿರುವ ಕಾರು ಬಳ್ಳಿಯನ್ನು ಬಾಚಿಕೊಂಡೇ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಾನು ಎಷ್ಟೋ ಸಲ ಕಾರು ನಿಲ್ಲಿಸಿ, ಮಂಡಿಯೂರಿ ಬಗ್ಗಿ ನೋಡಿ, ಕೈಯಲ್ಲಿ ಬಳ್ಳಿ ಬಿಡಿಸಿ ಮುಂದೆ ಹೋಗಿದ್ದೇನೆ. ರಾಶಿಯ ಪಕ್ಕದಲ್ಲಿ ಕೂತ ಮುದುಕ, "ಇನ್ನೊಂದೀಟು ಹಿಂದ್ಕ ಮುಂದ್ಕ ಆಡ್ಸಪ್ಪ" ಎಂದು ಕೇಳಿಕೊಂಡದ್ದೂ ಇದೆ. ಆಡಿಸಿದೆ. ಅವನ ವರ್ಷದ ಕೂಳು ನನ್ನ ಟಯರಿನ ಕೆಳಗಿತ್ತು.

ಇವೆಲ್ಲ ಅನನುಕೂಲದ ಮಾತುಗಳು. ಅನನುಕೂಲಕ್ಕೆ ಹೆದರಿ ಯಾರೂ ಪ್ರೀತಿಯ ಕಾರನ್ನು ಮಾರುವುದಿಲ್ಲ. ನಾನು ಮಾರಿದ್ದಕ್ಕೆ ಕಾರಣ 2020ರ ಫೆಬ್ರುವರಿಯ ಒಂದು ರಾತ್ರಿ.

ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಿಹರ, ಹರಪನಹಳ್ಳಿಯ ಕಡೆಯಿಂದ ಸಾವಿರಾರು ಜನ ನಡೆದು ಬರುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುತ್ತಾರೆ. ರಸ್ತೆಯ ಎಡಗಡೆ ಸಾಲು, ತಲೆಯ ಮೇಲೆ ಗಂಟು, ಕೆಲವರ ಕೈಯಲ್ಲಿ ಮೊಬೈಲಿನ ದೀಪ, ಹಲವರ ಕೈಯಲ್ಲಿ ಏನೂ ಇಲ್ಲ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಬರುತ್ತಿದ್ದೆ. ನಿಧಾನವಾಗಿಯೇ ಹೋಗುತ್ತಿದ್ದೇನೆ ಎಂಬುದು ನನ್ನ ನಂಬಿಕೆ. ಕಿಟಕಿ ಮುಚ್ಚಿತ್ತು. ಒಳಗೆ ಸದ್ದಿಲ್ಲ. ಒಂದು ತಿರುವಿನಲ್ಲಿ ದೀಪದ ಬೆಳಕಿಗೆ ಒಮ್ಮೆಲೇ ಬಿಳಿ ಸೀರೆಗಳು ಕಂಡವು. ಬ್ರೇಕ್ ಒತ್ತಿದೆ, ಕಾರು ಒಂದಿಷ್ಟೂ ಅಲುಗದೆ ನಿಂತಿತು. ಬ್ರೇಕು ಅಷ್ಟು ಒಳ್ಳೆಯದಿತ್ತು. ಆದರೆ ನಿಲ್ಲುವ ಮೊದಲು ನನ್ನ ಕಣ್ಣು ಮೀಟರಿನ ಮೇಲೆ ಬಿದ್ದಿತ್ತು. 92. ನನ್ನ ಮೈಗೆ ಅದು ಐವತ್ತರಂತೆ ಅನ್ನಿಸಿತ್ತು. ಕಿಟಕಿ ಇಳಿಸಿದೆ. ಒಬ್ಬ ಅಜ್ಜಿ ಹತ್ತಿರ ಬಂದು, ಬೈಯಲಿಲ್ಲ, "ಯಪ್ಪಾ, ನಿಧಾನಕ ಹೋಗು, ಸ್ವಾಮಿ ಎಲ್ಲೂ ಹೋಗಾಂಗಿಲ್ಲ" ಎಂದಳು. ಆಕೆಯ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಆ ಕಾರಿನ ಅತಿ ದೊಡ್ಡ ಗುಣವೇ ಈ ರಸ್ತೆಗಳಲ್ಲಿ ಅದರ ಅತಿ ದೊಡ್ಡ ದೋಷ ಎಂಬುದು ನನಗೆ ಅಂದು ತಿಳಿಯಿತು. ಅದು ವೇಗವನ್ನು ಮುಚ್ಚಿಡುತ್ತದೆ. ಭಾರವಾದ ಬಾಡಿ, ದಪ್ಪ ಗಾಜು, ರಸ್ತೆಯ ಒರಟನ್ನು ನುಂಗುವ ಸಸ್ಪೆನ್ಷನ್, ಹಿಡಿದರೆ ಬಿಡದ ಅಗಲ ಟಯರು ಎಲ್ಲ ಸೇರಿ ಓಡಿಸುವವನನ್ನು ರಸ್ತೆಯಿಂದ ಬೇರೆ ಮಾಡುತ್ತವೆ. ಜರ್ಮನಿಯ ಆಟೊಬಾನ್‌ಗೆ ಅದು ವರ. ಹೊರಗೆ ಕುರಿ, ಕೂಸು, ಬರಿಗಾಲಿನ ಮುದುಕಿ ಇರುವ ರಸ್ತೆಯಲ್ಲಿ, ಕಾರು ನಮ್ಮಿಂದ ಮರೆಮಾಚಿದ ನಲವತ್ತು ಕಿಲೋಮೀಟರ್ ವೇಗವನ್ನು ಹೊರಗಿನವರು ಹೊರಬೇಕಾಗುತ್ತದೆ.

ಆದರೂ ಮಾರಲು ಮೂರು ವರ್ಷ ಬೇಕಾಯಿತು, ಅಳುಕಿದ್ದು ಜನರ ನೋಟಕ್ಕೆ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವ ಮೊದಲು ನಮ್ಮ ಐದೂ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗಣಿ ದುಡ್ಡು ಹರಿದ ದಶಕದಲ್ಲಿ ಈ ಸೀಮೆಗೆ ದೊಡ್ಡ ಕಾರು ಎಂಬುದು ಗೆದ್ದವನ ಗುರುತಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಹಿಡಿಯಿತು, ಅದಿರಿನ ಲಾರಿಗಳು ಕಡಿಮೆಯಾದವು, ಆದರೆ ಆ ಗುರುತು ಮಾತ್ರ ಉಳಿಯಿತು. ದೊಡ್ಡದರಿಂದ ಸಣ್ಣದಕ್ಕೆ ಇಳಿದವನನ್ನು ಜನ ವ್ಯಾಪಾರದಲ್ಲಿ ಪೆಟ್ಟು ತಿಂದವನಂತೆ ನೋಡುತ್ತಾರೆ. ಬಲೆನೊ ತಂದು ನಿಲ್ಲಿಸಿದ ದಿನ ನಮ್ಮ ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ ನೋಡಿ, ಮತ್ತೆ ಇಳಿಸಿ, "ಅಣ್ಣಾ, ಆ ಗಾಡಿ ಕೊಟ್ಟು ಈ ಗಾಡೀನಾ? ಎಲ್ಲಾ ಆರಾಮೈತಿಲ್ಲ?" ಎಂದು ದನಿ ತಗ್ಗಿಸಿ ಕೇಳಿದ. ನನ್ನ ಹೆಂಡತಿ ಅದನ್ನೇ ಬೇರೆ ಮಾತಿನಲ್ಲಿ ಕೇಳಿದ್ದಳು.

ಮೊದಲ ಹದಿನೈದು ದಿನ ನನಗೂ ಮನಸ್ಸು ಹಿಡಿಯಲಿಲ್ಲ. ನಮ್ಮಲ್ಲಿ ಕಾರಿನ ವಿಮರ್ಶೆ ಎಂದರೆ ಒಂದೇ ಪ್ರಶ್ನೆ, ಪಿಕಪ್ ಹೆಂಗೈತಿ? ಹೆದ್ದಾರಿಗೆ ಸೇರುವಾಗ ಎಕ್ಸಲೇಟರ್ ತುಳಿದರೆ ಬೆನ್ನಿಗೆ ಬೀಳುತ್ತಿದ್ದ ಆ ಒದೆ ಇಲ್ಲಿಲ್ಲ. ಸುಮಾರು 1,700 ಸುತ್ತಿನ ಕೆಳಗೆ ಟರ್ಬೊ ಏಳುವುದಿಲ್ಲ. ಹಂಪು ದಾಟಿ ಮೂರನೇ ಗೇರಿನಲ್ಲೇ ಎಳೆಯೋಣ ಎಂದರೆ ಗಾಡಿ ಮುಕ್ಕರಿಯುತ್ತದೆ, ಎರಡಕ್ಕೆ ಇಳಿಸಲೇಬೇಕು. ಆಕ್ಟೇವಿಯಾದ ಆಟೊಮ್ಯಾಟಿಕ್‌ನಲ್ಲಿ ನಾಲ್ಕು ವರ್ಷ ಕೂತು ಎಡಗಾಲು ಸೋಮಾರಿಯಾಗಿತ್ತು.

ಗುಡೇಕೋಟೆಯ ರಸ್ತೆ ಈ ತೀರ್ಪನ್ನು ತಿರುಗಿಸಿತು. ಕೂಡ್ಲಿಗಿಯಿಂದ ಪೂರ್ವಕ್ಕೆ ಬಂಡೆಗುಡ್ಡಗಳ ನಡುವೆ ಹೋಗುವ ರಸ್ತೆ. ಆ ಭಾಗದಲ್ಲಿ 2013ರಲ್ಲಿ ಕರಡಿಧಾಮ ಘೋಷಣೆಯಾಗಿದೆ. ನವೆಂಬರಿನ ಒಂದು ಬೆಳಿಗ್ಗೆ, ಹೊತ್ತು ಏರುವ ಮೊದಲು, ಕೆಲಸದ ಮೇಲೆ ಹೊರಟಿದ್ದೆ. ಒಂದು ಎಡ ತಿರುವಿಗೆ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ, ಬ್ರೇಕ್ ಬಿಟ್ಟು, ಸ್ಟೇರಿಂಗ್ ತಿರುಗಿಸಿದೆ. ಮೂಗು ಬಗ್ಗಿತು, ಹಿಂಬದಿ ಒಂದಿಷ್ಟು ಹಗುರಾಯಿತು, ಕಾರು ಹೇಳಿದ ಕಡೆ ತಿರುಗಿತು. ಮುಂದಿನ ಗಾಲಿ ಏನು ಮಾಡುತ್ತಿದೆ, ಹಿಂದಿನದು ಏನು ಮಾಡುತ್ತಿದೆ, ಹಿಡಿತ ಎಷ್ಟು ಉಳಿದಿದೆ ಎಂಬುದೆಲ್ಲ ಕೂತ ಸೀಟಿಗೇ ತಿಳಿಯಿತು. ಎಂಜಿನ್ 2,000 ದಾಟುತ್ತಲೇ ಟರ್ಬೊದ ಸಣ್ಣ ಸಿಳ್ಳು, ಮೂರು ಸಿಲಿಂಡರಿನ ಗೊಗ್ಗರು ದನಿ, ಮತ್ತೆ ಮೂರನೇ ಗೇರು. ಮೀಟರ್ ನೋಡಿದೆ. 64.

ಅರವತ್ನಾಲ್ಕು! ಅಷ್ಟು ವೇಗದಲ್ಲಿ ಆಕ್ಟೇವಿಯಾ ಇನ್ನೂ ನಿದ್ದೆಯಲ್ಲಿರುತ್ತಿತ್ತು. ಇದೇ ತಿರುವಿನಲ್ಲಿ ಅದನ್ನು ಎಬ್ಬಿಸಬೇಕಾದರೆ ನೂರರ ಮೇಲೆ ಹೋಗಬೇಕು. ಇಂಥ ರಸ್ತೆಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ನಿಗದಿ ಮಾಡಿದ ಗರಿಷ್ಠ ವೇಗ 70. ಅಂದರೆ ಸೆಡಾನಿನ ಸುಖ ಎಲ್ಲಿ ಆರಂಭವಾಗುತ್ತದೋ ಅದಕ್ಕೆ ಬಹಳ ಮೊದಲೇ ಕಾನೂನು ಮುಗಿದಿರುತ್ತದೆ, ರಸ್ತೆಯೂ ಮುಗಿದಿರುತ್ತದೆ. ಹಗುರ ಕಾರಿನ ಸುಖ ಆ ಎಪ್ಪತ್ತರ ಒಳಗೇ ಆರಂಭವಾಗಿ ಒಳಗೇ ತುಂಬಿಕೊಳ್ಳುತ್ತದೆ.

ಲೆಕ್ಕದ ಮನುಷ್ಯನಾದ್ದರಿಂದ ಕೂತು ಲೆಕ್ಕ ಹಾಕಿದೆ. ಓಡುವ ವಸ್ತುವಿನ ಶಕ್ತಿ ಅದರ ತೂಕದಷ್ಟು ಹೆಚ್ಚುತ್ತದೆ, ವೇಗದ ವರ್ಗದಷ್ಟು ಹೆಚ್ಚುತ್ತದೆ. ಶಾಲೆಯಲ್ಲಿ ಎಲ್ಲರೂ ಕಲಿತ ಸೂತ್ರ. 950 ಕಿಲೋದ ಕಾರು 70ರಲ್ಲಿ ಕೊಡುವ ಹುರುಪನ್ನು 1,450 ಕಿಲೋದ ಕಾರಿನಿಂದ ಪಡೆಯಲು 110 ಬೇಕೆಂದು ಹಿಡಿದರೆ, ಆ ಎರಡನೆಯ ಕಾರು ಹೊತ್ತೊಯ್ಯುವ ಶಕ್ತಿ ಮೊದಲನೆಯದಕ್ಕಿಂತ ಸುಮಾರು ಮೂರೂಮುಕ್ಕಾಲು ಪಟ್ಟು. ಒಬ್ಬ ಮನುಷ್ಯನ ಅದೇ ಒಂದು ಸಂತೋಷಕ್ಕೆ, ಜನರ ಮನೆಬಾಗಿಲ ಮುಂದೆ ಮೂರೂಮುಕ್ಕಾಲು ಪಟ್ಟು ಅಪಾಯ. ಈ ಅಂಕಿ ನನ್ನನ್ನು ಬಿಡಲಿಲ್ಲ. ಶಕ್ತಿಯ ಪರ ಯಾರೇ ವಾದಿಸಿದರೂ ಈಗ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ.

ಹಗುರ ಕಾರಿನ ಇನ್ನೊಂದು ಗುಣ ನಿಧಾನವಾಗಿ ಅರಿವಿಗೆ ಬಂತು. ಎರಡೂ ಕಾರುಗಳ ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್ ಇವೆ, ಆದರೆ ಇಲ್ಲಿ ಅವು ಹಿಡಿಯಬೇಕಾದ ಭಾರ ಕಡಿಮೆ. ಟಯರು ಸವೆಯುವುದು ಕಡಿಮೆ. ಆಕ್ಟೇವಿಯಾ ನನ್ನ ಓಡಾಟಕ್ಕೆ ಲೀಟರಿಗೆ ಒಂಬತ್ತು, ಹತ್ತು ಕೊಡುತ್ತಿತ್ತು. ಬಲೆನೊ ಹದಿನೈದಕ್ಕೆ ಇಳಿದದ್ದಿಲ್ಲ. ಟಯರಿನ ಪಕ್ಕದ ಗೋಡೆ ಇಲ್ಲಿ ಎತ್ತರ, ಗುಂಡಿಗೆ ಬಿದ್ದರೆ ರಿಮ್ಮಿಗೆ ತಾಗುವ ಮೊದಲು ರಬ್ಬರು ತಡೆಯುತ್ತದೆ. ನೆಲದಿಂದ 170 ಮಿಲಿಮೀಟರ್ ಎತ್ತರವಿರುವುದರಿಂದ ನಾನೊಬ್ಬನೇ ಇದ್ದಾಗ ಈ ಐದು ತಾಲ್ಲೂಕಿನ ಯಾವ ಹಂಪೂ ಇದರ ಹೊಟ್ಟೆಗೆ ತಾಗಿಲ್ಲ. ಐದು ಜನ ಕೂತಾಗ ಎರಡು ಕಡೆ ತಾಗಿತು. ಆ ಎರಡೂ ಹಂಪು ಎಲ್ಲಿವೆಯೆಂದು ಈಗ ಮನೆಯವರೆಲ್ಲರಿಗೂ ಗೊತ್ತು. ಅಲ್ಲಿ ಹಿಂದೆ ಕೂತವರು ಹೇಳದೆಯೇ ಇಳಿದು ನಡೆಯುತ್ತಾರೆ.

ಇನ್ನು ಮುಚ್ಚಿಡಬಾರದ ಮಾತು. 2021ರಲ್ಲಿ ಲ್ಯಾಟಿನ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ತಯಾರಾದ, ಎರಡು ಏರ್‌ಬ್ಯಾಗಿನ ಬಲೆನೊವನ್ನು ಪರೀಕ್ಷಿಸಿ ಸೊನ್ನೆ ನಕ್ಷತ್ರ ಕೊಟ್ಟಿತು. ನನ್ನ ಕಾರು ಅದೇ ಪೀಳಿಗೆಯದು. ಐದು ನಕ್ಷತ್ರದ ಕಾರಿನಿಂದ ಇಳಿದು ಸೊನ್ನೆಯ ಕಾರಿಗೆ ಹತ್ತಿದ್ದೇನೆ. ಹಗುರ ಕಾರಿನ ಪರ ಬರೆಯುವವರು ಓಡಿಸುವ ಸುಖವನ್ನು ಹೊಗಳಿ ಈ ಸಾಲನ್ನು ಬಿಟ್ಟುಬಿಡುತ್ತಾರೆ. ಅದು ಅಪ್ರಾಮಾಣಿಕ. ಎದುರಿನಿಂದ ಬರುವುದು ಮೂವತ್ತು ಟನ್ನಿನ ಲಾರಿಯಾದರೆ, ಅದು ತಳ್ಳುವ ದೂರ ಹಗುರ ಕಾರಿಗೆ ಹೆಚ್ಚು, ಒಳಗಿನ ಮೈಗೆ ಬೀಳುವ ಜರ್ಕೂ ಹೆಚ್ಚು. ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳು ಹಡಗಲಿಯ ರಸ್ತೆಯಲ್ಲಿ ಹಿಂದಿನ ದೀಪವೇ ಇಲ್ಲದೆ ಹೋಗುತ್ತವೆ. ಇದೆಲ್ಲ ಗೊತ್ತಿದ್ದೂ ನಾನು ಈ ಕಾರು ಇಟ್ಟುಕೊಂಡಿದ್ದೇನೆ, ಆದರೆ ಎರಡು ಅಭ್ಯಾಸ ಬದಲಿಸಿಕೊಂಡು. ಕತ್ತಲಾದ ಮೇಲೆ ಕುಟುಂಬವನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದಿಲ್ಲ. ಬೆಂಗಳೂರಿಗೆ ಹೋಗಬೇಕಾದರೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್. ಇದು ಪೂರ್ತಿ ಪರಿಹಾರವಲ್ಲ. ಈಗ ಕಾರು ಕೊಳ್ಳುವವರಿಗೆ ನನ್ನ ದಾರಿ ಹಿಡಿಯಿರಿ ಎನ್ನಲೂ ಆರೆ. 2020ರ ಜನವರಿಯಲ್ಲಿ ಟಾಟಾ ಆಲ್ಟ್ರೋಜ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದು, ಸಣ್ಣ ಕಾರೆಂದರೆ ದುರ್ಬಲವಾಗಿರಲೇಬೇಕೆಂದಿಲ್ಲ ಎಂದು ತೋರಿಸಿತು. ಅದರ 120 ಅಶ್ವಶಕ್ತಿಯ ರೇಸರ್ ರೂಪ 2024ರಲ್ಲಿ ಬಂತು. ಹಾಟ್ ಹ್ಯಾಚ್ ಬೇಕೆನ್ನುವ ಹುಡುಗರು ಕೇಳಿದರೆ ನಾನು ಮೊದಲು ಅದನ್ನೇ ನೋಡಿ ಎನ್ನುತ್ತೇನೆ.

ಎರೆ ನೆಲದಲ್ಲೂ ಬಲೆನೊ ಸೋಲುತ್ತದೆ. ಹಿಂದಿನ ಎರಡು ಗಾಲಿಗಳನ್ನು ಒಂದೇ ತೊಲೆ ಜೋಡಿಸಿದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,520 ಮಿಲಿಮೀಟರ್ ಮಾತ್ರ. ಹಡಗಲಿಯಿಂದ ಮೈಲಾರದ ಕಡೆ ಅಲೆಯೆದ್ದ ರಸ್ತೆಯಲ್ಲಿ ಒಂದು ಅಲೆಯಿಂದ ಏಳುವುದರೊಳಗೆ ಇನ್ನೊಂದು ಬಂದು ಹೊಡೆಯುತ್ತದೆ. ಮೈಲಾರದ ಕಾರಣಿಕಕ್ಕೆ ಕರೆದೊಯ್ದಾಗ ಅವ್ವ, "ಆ ಕರೇ ಗಾಡಿ ಚಲೋ ಇತ್ತಪ್ಪ, ಇದ್ರಾಗ ಸೊಂಟ ಹಿಡೀತು" ಎಂದು ನೇರವಾಗಿ ಹೇಳಿದಳು. ಆಕೆಯ ಮಾತಿನಲ್ಲಿ ತಪ್ಪಿಲ್ಲ. 37 ಲೀಟರಿನ ಟ್ಯಾಂಕ್ ಚಿಕ್ಕದು. ಸ್ಟೇರಿಂಗ್ ಹಗುರ, ಆದರೆ ಅದು ರಸ್ತೆಯ ಮಾತನ್ನು ಕೈಗೆ ಪೂರ್ತಿ ಮುಟ್ಟಿಸುವುದಿಲ್ಲ. ನಾನು ಹೇಳಿದ ಮಾತುಕತೆಯೆಲ್ಲ ಸೀಟಿನ ಮೂಲಕ, ಬ್ರೇಕಿನ ಮೂಲಕ. ಫಿಯೆಟ್ ಅಬಾರ್ತ್ ಪುಂಟೊ ಓಡಿಸಿದವರಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅದು 145 ಅಶ್ವಶಕ್ತಿಯ ಗಾಡಿ, 2015ರಲ್ಲಿ ಬಂದದ್ದು.

102 ಅಶ್ವಶಕ್ತಿಯ ಕಾರನ್ನು ಹಾಟ್ ಹ್ಯಾಚ್ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಈ ಜಾತಿಗೆ ಹೆಸರು ತಂದುಕೊಟ್ಟ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1976ರಲ್ಲಿ ಬಂದಾಗ ಅದರಲ್ಲಿದ್ದದ್ದು 110 ಅಶ್ವಶಕ್ತಿ, ತೂಕ ಎಂಟು ಕ್ವಿಂಟಾಲಿಗೆ ಒಂದಿಷ್ಟು ಮೇಲೆ. ಐದು ಸಾವಿರ ಮಾರಿದರೆ ಸಾಕೆಂದು ಕಂಪನಿ ಅಂದುಕೊಂಡಿತ್ತು, ಮಾರಿದ್ದು ಲಕ್ಷಗಟ್ಟಲೆ. 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐಗೆ 265 ಅಶ್ವಶಕ್ತಿ, ಬೆಲೆ ಐವತ್ತು ಲಕ್ಷದ ಮೇಲೆ, ತೂಕ ಒಂದೂವರೆ ಟನ್ನಿಗೆ ಸಮೀಪ. ಹೆಸರು ಅದೇ, ಆದರೆ ನನ್ನ ಹಳೆಯ ಆಕ್ಟೇವಿಯಾದ ದಾಯಾದಿ ಅದು. ಮೂಲದ ಆ ಪುಟ್ಟ ಗಾಲ್ಫ್‌ಗೆ ಇಂದಿನ ಗಾಲ್ಫ್‌ಗಿಂತ ಬಲೆನೊ ಆರ್‌ಎಸ್ ಹತ್ತಿರದ ನೆಂಟ.

ನನಗೆ ನಿಜವಾಗಿ ನೋವಾಗುವುದು ಇಂಥ ಕಾರುಗಳು ಒಂದೊಂದೇ ಕಣ್ಮರೆಯಾದ ರೀತಿಗೆ. ನಮ್ಮ ದೇಶದ ತೆರಿಗೆ ನಿಯಮ ಅವಕ್ಕೆ ಅನುಕೂಲವಾಗಿಯೇ ಇತ್ತು. ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಆದರೆ ತೆರಿಗೆ ಕಡಿಮೆ. 3,995 ಮಿಲಿಮೀಟರ್ ಉದ್ದದ ಬಲೆನೊ ಆ ಅಳತೆಗೇ ಹೊಲಿದ ಅಂಗಿ. ಆದರೂ 2020ರಲ್ಲಿ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದಾಗ ಆರ್‌ಎಸ್ ಎಂಜಿನನ್ನು ಅದಕ್ಕೆ ತಕ್ಕಂತೆ ಬದಲಿಸುವ ಗೋಜಿಗೆ ಹೋಗದೆ ನಿಲ್ಲಿಸಿಬಿಟ್ಟರು. ಫಿಯೆಟ್ ಮೊದಲೇ ಅಂಗಡಿ ಮುಚ್ಚಿತ್ತು. ಹನ್ನೆರಡು ವರ್ಷ ಮಾರಾಟವಾಗಿ, ದೇಶದ ರ‍್ಯಾಲಿಗಳಲ್ಲಿ ಧೂಳೆಬ್ಬಿಸಿದ ಫೋಕ್ಸ್‌ವ್ಯಾಗನ್ ಪೋಲೊ 2022ರಲ್ಲಿ ನಿಂತಿತು. ಅದೇ ನಾಲ್ಕು ಮೀಟರಿನ ಅಳತೆಯಲ್ಲಿ ಈಗ ಎತ್ತರದ ಎಸ್‌ಯುವಿಗಳು ತುಂಬಿವೆ. ಕೊಟ್ಟೂರಿನ ಬಸ್ ನಿಲ್ದಾಣದ ಮುಂದೆ ನಿಂತು ಎಣಿಸಿದರೆ ಹತ್ತರಲ್ಲಿ ಆರು ಅವೇ. ಕೊಂಡವರು ಹೇಳುವ ಕಾರಣ ಹಂಪು, ಗುಂಡಿ. ಆ ಕಾರಣವನ್ನು ನಾನು ಗೌರವಿಸುತ್ತೇನೆ, ಚೇಂಬರ್ ಒಡೆದುಕೊಂಡವನು ನಾನು. ಆದರೆ ಎತ್ತರ ಕೂತಾಗಲೂ ವೇಗ ಕಡಿಮೆ ಅನ್ನಿಸುತ್ತದೆ. ಕಣ್ಣಿನಿಂದ ನೆಲ ದೂರ ಹೋದಷ್ಟೂ ಅದು ಓಡುವುದು ನಿಧಾನ ಕಾಣುತ್ತದೆ. ನಾನು ಬಿಟ್ಟುಬಂದ ದೋಷವನ್ನೇ ಜನ ಹಣ ಕೊಟ್ಟು ಮನೆಗೆ ತರುತ್ತಿದ್ದಾರೆ.

ಎರಡೂ ಕಾರುಗಳನ್ನು ಈ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ ನನ್ನ ತೀರ್ಪು ಹೀಗಿದೆ. ವಾರಕ್ಕೆ ಎರಡು ಸಲ ಬೆಂಗಳೂರಿಗೋ ಪುಣೆಗೋ ಹೋಗಬೇಕಾದವನಿಗೆ ಆಕ್ಟೇವಿಯಾದ ಮುಂದೆ ಬಲೆನೊ ಆರ್‌ಎಸ್ ನಿಲ್ಲಲಾರದು, ಅವನು ಬದಲಾಯಿಸಬಾರದು. ಮಸಾರಿ, ಎರೆ, ಹಂಪು, ರಾಶಿ, ಪಾದಯಾತ್ರೆಗಳ ನಡುವೆ ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡಾಡುವವನಿಗೆ ಹಗುರ ಕಾರೇ ತಕ್ಕ ಕಾರು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಎರಡರಲ್ಲೂ ನನಗೆ ಹಿಡಿಯುವ ಹೊತ್ತು ಒಂದೇ, ಎರಡು ನಿಮಿಷ ಆಚೀಚೆ. ಆಕ್ಟೇವಿಯಾದಲ್ಲಿ ಆ ಹೊತ್ತು ಕಾಯುವುದರಲ್ಲಿ ಕಳೆಯುತ್ತಿತ್ತು. ಬಲೆನೊದಲ್ಲಿ ಓಡಿಸುವುದರಲ್ಲಿ ಕಳೆಯುತ್ತದೆ.

ಈಗ ಮಗಳು ಕಾರು ಕಲಿಯುತ್ತಿದ್ದಾಳೆ. ಭಾನುವಾರ ಬೆಳಿಗ್ಗೆ ಉಜ್ಜಿನಿಯ ರಸ್ತೆಗೆ ಕರೆದೊಯ್ಯುತ್ತೇನೆ. ಹೋದ ವಾರ ಎದುರಿಗೆ ಕುರಿಹಿಂಡು ಬಂತು, ಇನ್ನೂರಾದರೂ ಇದ್ದಿರಬೇಕು. ನಾನು ಏನೂ ಹೇಳಲಿಲ್ಲ. ಅವಳು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಪಕ್ಕಕ್ಕೆ ಸರಿದು, ಎಂಜಿನ್ ಆರಿಸಿ, ಗಾಜು ಇಳಿಸಿದಳು. ಕುರಿಗಳು ಎರಡೂ ಬದಿ ಬಾಗಿಲಿಗೆ ಮೈ ಉಜ್ಜುತ್ತಾ ಹಾದುಹೋದವು. ಗಂಟೆಯ ಸದ್ದು, ಗೊರಸಿನ ಸದ್ದು, ಉಣ್ಣೆಯ ವಾಸನೆ ಒಳಗೆ ತುಂಬಿತು. ಹಿಂದೆ ಬಂದ ಕುರಿಗಾಹಿ ಹೆಗಲ ಮೇಲಿನ ಮರಿಯನ್ನು ಸರಿಮಾಡಿಕೊಂಡು, "ಯಾವೂರವ್ವ?" ಎಂದು ಕೇಳಿದ. ಅವಳು ಹೇಳಿದಳು. ಅವನು ತಲೆಯಾಡಿಸಿ ಮುಂದೆ ಹೋದ. ಕೊನೆಯ ಕುರಿ ದಾಟಿದ್ದನ್ನು ಕನ್ನಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡು ಅವಳು ಗಾಡಿ ಚಾಲೂ ಮಾಡಿದಳು.